ಒಂಟಿ ಗಾಲಿ

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಸಂಘದ ಸಂಪಾದಕ ಮಿತ್ರರು ಕೇಳಿದಾಗ, ಕವಿತೆ ಬರೆಯಲು ಬರುವುದಿಲ್ಲ, ವಿಮರ್ಶೆ ಬರೆಯುವಷ್ಟು ಓದಿಲ್ಲ ಎಂದು ಜಾರಿಕೊಳ್ಳಲು ನೋಡಿದೆ. "ಹಾಗಾದರೆ ನಿನಗೆ ಚೆನ್ನಾಗಿ ಗೊತ್ತಿರುವುದು ಯಾವುದೋ ಅದನ್ನೇ ಬರಿ" ಎಂದರು. ರಾತ್ರಿ ಕೂತು ಯೋಚಿಸಿದೆ. ನನಗೆ ನಿಜವಾಗಿ ಚೆನ್ನಾಗಿ ಗೊತ್ತಿರುವ ವಿಷಯ ಒಂದೇ ಒಂದು ಎಂದು ಹೊಳೆದು ನನಗೇ ನಗು ಬಂತು. ಕಾಯಿಪಲ್ಲೆ ತೋಟಕ್ಕೆ ಒಂದು ಒಳ್ಳೆಯ ಕೈಗಾಡಿಯನ್ನು ಆರಿಸುವುದು ಹೇಗೆ ಎಂಬುದೇ ಆ ವಿಷಯ.

ಕೈಗಾಡಿ ಎಂದರೆ ಬಾಳೆಹಣ್ಣು ಮಾರುವವರ ನಾಲ್ಕು ಗಾಲಿಯ ಗಾಡಿಯಲ್ಲ. ಮುಂದೆ ಒಂದೇ ಗಾಲಿ, ಮೇಲೆ ತಗಡಿನ ತೊಟ್ಟಿ, ಹಿಂದೆ ಊರಿ ನಿಲ್ಲಲು ಎರಡು ಕಾಲು, ಎತ್ತಿ ತಳ್ಳಲು ಎರಡು ಹಿಡಿ. ಕಟ್ಟಡ ಕಟ್ಟುವಲ್ಲಿ ಕಾಂಕ್ರೀಟು ಸಾಗಿಸುವುದನ್ನು ನೀವೆಲ್ಲ ನೋಡಿರುತ್ತೀರಿ. ಇಂಗ್ಲಿಷಿನಲ್ಲಿ ವೀಲ್‌ಬ್ಯಾರೋ ಎನ್ನುತ್ತಾರೆ. ನಮ್ಮ ಮುಂಬಯಿಯ ಅಂಗಡಿಗಳಲ್ಲಿ ಟ್ರಾಲಿ ಎಂದರೂ ತಿಳಿಯುತ್ತದೆ. ನಮ್ಮಪ್ಪ ಅದಕ್ಕಿಟ್ಟ ಹೆಸರು "ಒಂಟಿ ಗಾಲಿ".

ನಗಬೇಡಿ. ಈ ಒಂಟಿ ಗಾಲಿಯ ಹಿಂದೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ಅದನ್ನು ಹೇಳುವ ಧೈರ್ಯ ಬರಲೆಂದೇ ಗಾಡಿಯಿಂದ ಶುರು ಮಾಡಿದ್ದೇನೆ.

ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಆ ಹುದ್ದೆಗೆ ಆಮೇಲೆ ಟ್ರ್ಯಾಕ್‌ಮನ್ ಎಂದೂ ಟ್ರ್ಯಾಕ್ ಮೇಂಟೇನರ್ ಎಂದೂ ಹೆಸರು ಬದಲಾಯಿತು. ಕೈಯಲ್ಲಿನ ಸುತ್ತಿಗೆ ಮಾತ್ರ ಬದಲಾಗಲಿಲ್ಲ. ಶಹಾಬಾದಿನ ಕಡೆಯ ಹಳ್ಳಿಯೊಂದರಿಂದ ಬಂದವನು. ಕಲಬುರಗಿ, ಸೊಲ್ಲಾಪುರ ದಾಟಿ ಮುಂಬಯಿಗೆ ಬರುವ ಹಳಿ ಅವನ ಊರನ್ನು ಮುಟ್ಟಿಕೊಂಡೇ ಬರುತ್ತದೆ. "ಹಳಿ ಹಿಡದು ಬಂದೆ, ಹಳಿ ಮ್ಯಾಲೇ ನಿಂತೆ" ಎನ್ನುತ್ತಿದ್ದ. ಕಲ್ಯಾಣದ ಈಚೆಗೆ, ಲೈನಿನ ಪಕ್ಕದಲ್ಲೇ ನಮ್ಮ ಕ್ವಾರ್ಟರ್ಸು. ಅದರ ಹಿಂದೆ, ಬೇಲಿಗೂ ಹಳಿಗೂ ನಡುವೆ, ಅಪ್ಪನ ಪಾಲಿಗೆ ಬಂದ ಒಂದು ತುಂಡು ನೆಲ.

ಲೋಕಲಿನಲ್ಲಿ ಓಡಾಡಿದವರಿಗೆ ಇಂಥ ತೋಟಗಳ ಪರಿಚಯ ಇದ್ದೇ ಇರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ಬರುವುದು ನಿಂತಾಗ ಸರಕಾರ "ಹೆಚ್ಚು ಆಹಾರ ಬೆಳೆಯಿರಿ" ಎಂಬ ಚಳವಳಿ ಹೂಡಿತು. ಖಾಲಿ ಬಿದ್ದ ರೈಲ್ವೆ ನೆಲವನ್ನು ಕೆಳದರ್ಜೆಯ ನೌಕರರಿಗೆ ಸಾಗುವಳಿಗೆ ಕೊಡುವ ಯೋಜನೆಗೆ ಸ್ವಾತಂತ್ರ್ಯ ಬಂದು ದಶಕಗಳಾದ ಮೇಲೂ ಅದೇ ಹೆಸರು ಉಳಿದಿತ್ತು. ಇಂಗ್ಲೆಂಡಿನಲ್ಲಿ ಊರವರಿಗೆ ಬಾಡಿಗೆಗೆ ಕೊಡುವ ಇಂಥ ತುಂಡು ತೋಟಗಳಿಗೆ ಅಲಾಟ್‌ಮೆಂಟ್ ಎನ್ನುತ್ತಾರೆ; ಅದಕ್ಕೆ 1908ರ ಕಾಯದೆಯೇ ಇದೆ. ಅಲ್ಲಿನ ರೂಢಿಯ ಅಳತೆ ಹತ್ತು ರಾಡ್, ಅಂದರೆ ಸುಮಾರು 250 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಅಪ್ಪನದೂ ಹೆಚ್ಚು ಕಡಿಮೆ ಅಷ್ಟೇ. ಪಾಲಕ, ಮೆಂತೆ, ರಾಜಗಿರಿ, ಮೂಲಂಗಿ, ಒಂದಷ್ಟು ಬೆಂಡಿ. ಮೂಲೆಯಲ್ಲಿ ಒಂದು ಮಡಿ ಪುಂಡಿ. ಉಳಿದದ್ದನ್ನು ಮಾರುತ್ತಿದ್ದ, ಪುಂಡಿಯನ್ನು ಮಾತ್ರ ಮಾರುತ್ತಿರಲಿಲ್ಲ. ಜೋಳದ ರೊಟ್ಟಿಯ ಜತೆ ಪುಂಡಿಪಲ್ಲೆ ಇಲ್ಲದ ಮನೆಯನ್ನು ಅವನು ಮನೆಯೆಂದೇ ಒಪ್ಪುತ್ತಿರಲಿಲ್ಲ.

ಈ ತೋಟಗಳ ಬಗ್ಗೆ ಒಂದು ಅಪವಾದವೂ ಇದೆ. ಪಕ್ಕದ ನಾಲೆಯ ಕೊಳಕು ನೀರನ್ನು ಪಂಪಿನಿಂದೆತ್ತಿ ಪಲ್ಲೆಗೆ ಬಿಡುತ್ತಾರೆ ಎಂಬುದು. ಕೆಲವರು ಹಾಗೆ ಮಾಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಅಪ್ಪ ಮಾಡಲಿಲ್ಲ. "ನಾವು ಉಣ್ಣಲಾರದ್ದು ಮಂದಿಗಿ ಹ್ಯಾಂಗ ಮಾರೋದು?" ಎನ್ನುತ್ತಿದ್ದ. ಸುಮಾರು ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಹಳೆಯ ಬಾವಿಯಿತ್ತು. ಅಲ್ಲಿಂದ ಡಬ್ಬಿಗಳಲ್ಲಿ ನೀರು ತರಬೇಕು. ಗೊಬ್ಬರಕ್ಕೆ ಅರ್ಧ ಮೈಲು ಆಚೆಗೊಂದು ಎಮ್ಮೆ ತಬೇಲ. ಅಲ್ಲಿಂದ ಸಗಣಿ ಗೊಬ್ಬರ ಗೋಣಿಚೀಲದಲ್ಲಿ ತುಂಬಿ, ಸಿಂಬಿ ಇಟ್ಟುಕೊಂಡು ತಲೆಯ ಮೇಲೆ ತರಬೇಕು. ಹಗಲೆಲ್ಲಾ ಹಳಿಯ ಕೆಲಸ, ಬೆಳಿಗ್ಗೆ ಸಂಜೆ ಈ ಹೊರೆ.

ಈಗ ತಪ್ಪೊಪ್ಪಿಗೆ. 2019ರಲ್ಲಿ ನಾನು ಹನ್ನೊಂದನೆಯ ತರಗತಿಗೆ ಸೇರಿದೆ. ಕಾಲೇಜು ಊರ ಕಡೆಗೆ. ನಾನು ಹತ್ತುವ ಲೋಕಲು ನಮ್ಮ ತೋಟದ ಪಕ್ಕದಲ್ಲೇ, ಸಿಗ್ನಲ್ಲಿಗಾಗಿ ನಿಧಾನಿಸುತ್ತಾ ಹೋಗುತ್ತಿತ್ತು. ಡೊಂಬಿವಲಿ, ಕಲ್ಯಾಣದಿಂದ ಬರುವ ನಾಲ್ಕೈದು ಮಂದಿ ಹೊಸ ಗೆಳೆಯರು ಬಾಗಿಲಲ್ಲಿ ನಿಂತಿರುತ್ತಿದ್ದರು. ಒಂದು ಬೆಳಿಗ್ಗೆ ಅವರಲ್ಲೊಬ್ಬ ಹೊರಗೆ ಕೈ ತೋರಿಸಿ, "ನೋಡ್ರೋ, ಮುದುಕ ತಲೆ ಮೇಲೆ ಸಗಣಿ ಹೊತ್ಕೊಂಡು ಹೊರಟಿದಾನೆ" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಪ್ಪನಿಗೆ ಆಗ ಐವತ್ತಾರು. ಮುದುಕನೇನಲ್ಲ. ಆದರೆ ಗೋಣಿಯ ಕೆಳಗೆ ಬಾಗಿದ ಯಾರೂ ಮುದುಕರಂತೆಯೇ ಕಾಣುತ್ತಾರೆ.

ಅದಾದ ಹದಿನೈದು ದಿನಕ್ಕೆ ಅಪ್ಪನ ಸೊಂಟ ಹಿಡಿಯಿತು. ಬಾವಿಯ ಕಟ್ಟೆಯಿಂದ ಡಬ್ಬಿ ಎತ್ತಿಕೊಳ್ಳುವಾಗ ಹಿಡಿದದ್ದು ಮೂರು ದಿನ ಬಿಡಲಿಲ್ಲ. ಡಾಕ್ಟರು ಭಾರ ಎತ್ತಬೇಡಿ ಎಂದರು. ಹಳಿಯ ಕೆಲಸದವನಿಗೆ ಭಾರ ಎತ್ತಬೇಡ ಎನ್ನುವುದು ಮೀನಿಗೆ ಈಜಬೇಡ ಎಂದಂತೆ. ಈಗಿನ ಹಳಿಯ ಕಂಬಿ ಮೀಟರಿಗೆ 60 ಕಿಲೋ ತೂಗುತ್ತದೆ. ಹದಿಮೂರು ಮೀಟರಿನ ಒಂದು ಕಂಬಿಯೆಂದರೆ 780 ಕಿಲೋ. ಅದನ್ನು ಗ್ಯಾಂಗೆಲ್ಲಾ ಸೇರಿ ಇಕ್ಕಳ ಹಾಕಿ ಎತ್ತಬೇಕು. ಸೊಂಟ ನೋವು ಎಂದು ಬಾಯಿ ಬಿಟ್ಟರೆ ತನ್ನನ್ನು ಗ್ಯಾಂಗಿನಿಂದ ತೆಗೆದುಬಿಟ್ಟಾರೆಂದು ಅಪ್ಪನಿಗೆ ಭಯ. ಆದ್ದರಿಂದ ಕೆಲಸದಲ್ಲಿ ಸುಮ್ಮನಿದ್ದ. ಮನೆಯಲ್ಲಿ ಅವ್ವ ಬಿಸಿ ಉಪ್ಪಿನ ಶಾಖ ಕೊಡುತ್ತಾ ಬೈಯುತ್ತಿದ್ದಳು: "ನೌಕರಿ ಬಿಡ್ಲಾಕ ಬರಂಗಿಲ್ಲ ಖರೆ, ತ್ವಾಟರೆ ಬಿಡು."

ಅವನು ತೋಟ ಬಿಡಲಿಲ್ಲ. ನಾನು ಒಂದು ಒಂಟಿ ಗಾಲಿ ತರುವುದೆಂದು ತೀರ್ಮಾನಿಸಿದೆ. ಅಪ್ಪನ ಸೊಂಟಕ್ಕಾಗಿ ಎಂದು ಎಲ್ಲರಿಗೂ ಹೇಳಿದೆ, ನನಗೂ ಹಾಗೆಯೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ, ಲೋಕಲಿನ ಬಾಗಿಲಿಂದ ನೋಡುವವರಿಗೆ ಅಪ್ಪನ ತಲೆಯ ಮೇಲೆ ಗೋಣಿ ಕಾಣಬಾರದು ಎಂಬುದು.

ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ 3,000 ರೂಪಾಯಿ ಇತ್ತು. ಸ್ಟೇಷನ್ನಿನ ಹತ್ತಿರದ ಅಂಗಡಿಯೊಂದರಲ್ಲಿ 2,300ಕ್ಕೆ ಹಸಿರು ಬಣ್ಣ ಬಳಿದು ಫಳಫಳ ಹೊಳೆಯುವ ಗಾಡಿ ಸಿಕ್ಕಿತು. ಅಂಗಡಿಯವನು 200 ಕಿಲೋ ಹೊರುತ್ತದೆ ಎಂದ. ನಾನು ನಂಬಿದೆ. ಅಪ್ಪ ಅದರ ಸುತ್ತ ಒಮ್ಮೆ ಬಂದು, ತೊಟ್ಟಿಯನ್ನು ಬೆರಳಿಂದ ಟಕ್ಕೆಂದು ಬಡಿದು, ಏನೂ ಹೇಳದೆ ಒಳಗೆ ಹೋದ. ಆ ಟಕ್ಕೆನ್ನುವ ಸದ್ದಿನಲ್ಲೇ ಅವನಿಗೆ ಎಲ್ಲಾ ತಿಳಿದಿತ್ತು ಎಂದು ನನಗೆ ತಿಳಿದದ್ದು ಹನ್ನೊಂದು ದಿನಗಳ ಮೇಲೆ.

ಎರಡನೆಯ ದಿನಕ್ಕೆ ಗಟ್ಟಿ ರಬ್ಬರಿನ ಸಣ್ಣ ಗಾಲಿ ಹಳಿಬದಿಯ ಖಡಿಕಲ್ಲಿನ ಮೇಲೆ ಕುಣಿಯತೊಡಗಿತು. ಅರ್ಧ ನೀರು ದಾರಿಗೇ ಚೆಲ್ಲಿತು. ಆರನೆಯ ದಿನಕ್ಕೆ ಬೋಲ್ಟು ಕೂತ ಜಾಗದಲ್ಲಿ ತೊಟ್ಟಿಯ ತಗಡು ಹರಿಯಿತು. ಹನ್ನೊಂದನೆಯ ದಿನ ಗೊಬ್ಬರ ತುಂಬಿ ಇಳಿಸಿದಾಗ ಎಡಗಾಲು ಮಡಚಿಕೊಂಡು ಗಾಡಿ, ದಣಿದ ಎಮ್ಮೆಯಂತೆ, ಮೆಲ್ಲಗೆ ಪಕ್ಕಕ್ಕೆ ಮಲಗಿತು. ಅಂಗಡಿಯವನು "ನೀವು ಜಾಸ್ತಿ ಹಾಕಿದ್ರಿ" ಎಂದು ಕೈ ಝಾಡಿಸಿದ. 2,300 ರೂಪಾಯಿಯನ್ನು ಹನ್ನೊಂದರಿಂದ ಭಾಗಿಸಿ ನೋಡಿ. ದಿನಕ್ಕೆ 200ರ ಮೇಲೆ ಬಾಡಿಗೆ ಕೊಟ್ಟಂತಾಯಿತು.

ನಾನು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಅಪ್ಪ ಬೈಯಲಿಲ್ಲ. ಮುಂದಿನ ಭಾನುವಾರ ರಜೆ ಇತ್ತು. ಜೇಬಿನಲ್ಲಿ ತನ್ನ ಪಾನಾ ಇಟ್ಟುಕೊಂಡು, "ನಡಿ ತಮ್ಮಾ, ನಾಗದೇವಿ ಗಲ್ಲೀಗಿ ಹೋಗಿ ವಿಚಾರಿಸಿ ಬರೋಣು" ಎಂದ. ಆ ದಿನ ಅಂಗಡಿಗಳು ಅರ್ಧಕ್ಕರ್ಧ ಮುಚ್ಚಿದ್ದವು. ಆದ್ದರಿಂದ ಮತ್ತೊಂದು ವಾರ ಬಿಟ್ಟು, ಅವನ ಪಾಳಿಯ ರಜೆ ನೋಡಿಕೊಂಡು, ಮತ್ತೆ ಹೋದೆವು. ಮಸ್ಜಿದ್ ಬಂದರ್ ಸ್ಟೇಷನ್ನಿನಲ್ಲಿ ಇಳಿದರೆ ನಾಗದೇವಿ ಸ್ಟ್ರೀಟು ನಡೆದು ಹೋಗುವಷ್ಟು ಹತ್ತಿರ. ಬೋಲ್ಟು, ನಟ್ಟು, ಬೇರಿಂಗು, ಸರಪಳಿ ಎಂದು ಕಬ್ಬಿಣದ್ದೇ ಒಂದು ಲೋಕ. ಅಲ್ಲಿ ಅಪ್ಪ ಗಾಡಿ ಆರಿಸಿದ ರೀತಿಯನ್ನು ಹೇಳುವುದಕ್ಕಾಗಿಯೇ ಈ ಬರಹ.

ಮೊದಲನೆಯದು, ಗಾಡಿಯನ್ನು ತಲೆಕೆಳಗು ಮಾಡಿಸಿದ. ಅಂಗಡಿಯವನು ಬಣ್ಣ ತೋರಿಸುತ್ತಿದ್ದ, ಅಪ್ಪ ಹೊಟ್ಟೆ ನೋಡಿದ. ಗಾಲಿಯನ್ನು ಬೆರಳಿಂದ ತಿರುಗಿಸಿ ಬಿಟ್ಟ. ಓಲಾಡಿದರೆ ಬೇಡ. ತಿರುಗುತ್ತಾ ತಿರುಗುತ್ತಾ ತಾನೇ ಮೆಲ್ಲಗೆ ನಿಂತರೆ ಬೇರಿಂಗು ಸರಿಯಿದೆ. ಕರ್ರೆಂದು ತಟ್ಟನೆ ನಿಂತರೆ ಒಳಗೆ ಬರೀ ಕೊಳವೆಯಲ್ಲಿ ಸರಳು ತೂರಿಸಿದ್ದಾರೆ ಎಂದರ್ಥ. ಗ್ರೀಸು ಹಾಕಲು ಜಾಗ ಇದೆಯೇ ಎಂದೂ ನೋಡಿದ.

ಎರಡನೆಯದು ತಗಡು. ತಗಡಿನ ಗೇಜು ಎಂಬುದು ಉಲ್ಟಾ ಲೆಕ್ಕ. ಅಂಕಿ ಹೆಚ್ಚಾದಷ್ಟೂ ತಗಡು ತೆಳು. 20 ಗೇಜೆಂದರೆ ಒಂದು ಮಿಲಿಮೀಟರಿಗಿಂತ ಕಡಿಮೆ. 18 ಅಂದರೆ ಸುಮಾರು 1.2, 16 ಅಂದರೆ 1.6. ನಾನು ಕೊಂಡಿದ್ದು 20ರದ್ದು. "ಇಪ್ಪತ್ತು ದೊಡ್ಡದು, ಹದಿನಾರು ಸಣ್ಣದು ಅಂದ್ಕೊಂಡಿದ್ದೆನಪ್ಪಾ" ಎಂದೆ. "ಅಂಗಡ್ಯಾಂವ ಭೀ ಅದನ್ನೇ ಅಂದ್ಕೋಲಿ ಅಂತ ಕುಂತಿರ್ತಾನ" ಎಂದ. ತೊಟ್ಟಿಗೆ 16 ಆದರೆ ಗಾಡಿಯೇ ಭಾರವಾಗುತ್ತದೆ. 18 ಸಾಕು, ಆದರೆ ಅಂಚನ್ನು ಸರಳಿನ ಮೇಲೆ ಸುತ್ತಿ ಮಡಿಸಿರಬೇಕು. ಬರೀ ಕತ್ತರಿಸಿ ಬಿಟ್ಟ ಅಂಚು ಕೈ ಕೊಯ್ಯುತ್ತದೆ, ಮೊದಲು ಹರಿಯುವುದೂ ಅದೇ.

ಮೂರನೆಯದು ತೊಟ್ಟಿಯ ಗಾತ್ರ. ನನ್ನ ಕಣ್ಣು 120 ಲೀಟರಿನ ದೊಡ್ಡದರ ಮೇಲೆ. ಅಪ್ಪ 85 ಲೀಟರಿನದನ್ನು ಮುಟ್ಟಿದ. "ದೊಡ್ಡದು ತುಂಬ್ಲಾಕ ಬರ್ತದ, ಎತ್ಲಾಕ ಬರಂಗಿಲ್ಲ" ಎಂದ. ಆಮೇಲೆ ನಾನು ಲೆಕ್ಕ ಹಾಕಿ ನೋಡಿದೆ. ಹಸಿ ಮಣ್ಣು ಲೀಟರಿಗೆ ಒಂದೂಮುಕ್ಕಾಲು ಕಿಲೋದ ಹತ್ತಿರ ತೂಗುತ್ತದೆ. 85 ಲೀಟರು ಅಂಚಿನ ತನಕ ತುಂಬಿದರೆ 140 ಕಿಲೋ ದಾಟುತ್ತದೆ. 120ರದ್ದನ್ನು ತುಂಬಿದರೆ 200! ಕಳಿತ ಗೊಬ್ಬರ ಅದರ ಅರ್ಧವೂ ಇರುವುದಿಲ್ಲ. ಅಂದರೆ ತೊಟ್ಟಿಯ ಗಾತ್ರವನ್ನು ನಾವು ಹೊರಿಸುವ ಅತ್ಯಂತ ಭಾರದ ಸಾಮಾನನ್ನು ನೋಡಿ ಆರಿಸಬೇಕು, ಅಂಗಡಿಯ ಚೀಟಿಯಲ್ಲಿ ಬರೆದ ಅಂಕಿಯನ್ನಲ್ಲ.

ನಾಲ್ಕನೆಯದು ಗಾಲಿಗೂ ಭಾರಕ್ಕೂ ನಡುವಿನ ದೂರ. ಶಾಲೆಯಲ್ಲಿ ಸನ್ನೆಕೋಲಿನ ಪಾಠ ಎಲ್ಲರೂ ಓದಿದ್ದೇವೆ. ಒಂಟಿ ಗಾಲಿಯೆಂದರೆ ಎರಡನೆಯ ವರ್ಗದ ಸನ್ನೆ. ಒಂದು ತುದಿಗೆ ಗಾಲಿಯ ಅಚ್ಚು, ಇನ್ನೊಂದು ತುದಿಗೆ ನಮ್ಮ ಕೈ, ನಡುವೆ ಭಾರ. 90 ಕಿಲೋದ ಹೊರೆ ಅಚ್ಚಿನಿಂದ 50 ಸೆಂಟಿಮೀಟರಿನಲ್ಲೂ ನಮ್ಮ ಹಿಡಿ 135 ಸೆಂಟಿಮೀಟರಿನಲ್ಲೂ ಇದ್ದರೆ ಕೈಗೆ ಬರುವ ಭಾರ 33 ಕಿಲೋ ಮಾತ್ರ. ಅದೇ ಹೊರೆ ಹಿಂದೆ ಸರಿದು 70ಕ್ಕೆ ಬಂದರೆ 47 ಕಿಲೋ. ನಾನು ಪರೀಕ್ಷೆಯಲ್ಲಿ ಇದಕ್ಕೆ ಪೂರಾ ಅಂಕ ತೆಗೆದುಕೊಂಡವನು, ಗಾಡಿ ಕೊಳ್ಳುವಾಗ ನೆನಪಾಗಲಿಲ್ಲ. ಅಪ್ಪ ಸಬ್ಬಲಿನಿಂದ ಹಳಿ ಮೀಟಿ ಮೂವತ್ತು ವರ್ಷ ಕಳೆದವನು. ತೊಟ್ಟಿ ಗಾಲಿಯ ಮೇಲೆ ಬಗ್ಗಿ ಕೂತಿರುವ ಗಾಡಿಯನ್ನೇ ಎಳೆದು, "ಇದು ಭಾರ ಗಾಲಿಗಿ ಕೊಡ್ತದ, ಅದು ನಮಗ ಕೊಡ್ತದ" ಎಂದ. ಸುಮಾರು 1,800 ವರ್ಷಗಳ ಹಿಂದೆಯೇ ಚೀನದ ಹಾನ್ ವಂಶದ ಕಾಲದ ಗೋರಿಗಳಲ್ಲಿ ಒಂಟಿ ಗಾಲಿಯ ಗಾಡಿಯ ಚಿತ್ರಗಳಿವೆ. ಮುಂದೆ ಚೀನೀಯರು ದೊಡ್ಡ ಗಾಲಿಯನ್ನು ನಟ್ಟನಡುವೆ ಇಟ್ಟು, ಭಾರವನ್ನೆಲ್ಲಾ ಅದಕ್ಕೇ ಹೊರಿಸಿದರು. ಯುರೋಪಿನವರು ಗಾಲಿಯನ್ನು ಮುಂದಿಟ್ಟು ಅರೆಭಾರ ಕೈಗೆ ಕೊಟ್ಟರು. ನಮಗೆ ಸಿಗುವುದು ಈ ಎರಡನೆಯದೇ.

ಐದನೆಯದು ಟಯರು. ಗಟ್ಟಿ ರಬ್ಬರಿನದು ಪಂಕ್ಚರ್ ಆಗುವುದಿಲ್ಲ, ಆದರೆ ಪ್ರತಿ ಕಲ್ಲಿನ ಏಟೂ ಮೊಣಕೈಗೆ, ಅಲ್ಲಿಂದ ಸೊಂಟಕ್ಕೆ. ಕಿರಿದಾದ ಗಾಲಿ ಹಸಿ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಇದೇ ಕಿರಿಕಿರಿಗೆ ಇಂಗ್ಲೆಂಡಿನ ಜೇಮ್ಸ್ ಡೈಸನ್ 1974ರಲ್ಲಿ ಗಾಲಿಯ ಬದಲು ದೊಡ್ಡ ಚೆಂಡನ್ನೇ ಇಟ್ಟು ಗಾಡಿ ಮಾಡಿದ್ದ. ನಮಗೆ ಚೆಂಡು ಸಿಗುವುದಿಲ್ಲ, ಗಾಳಿ ತುಂಬುವ ದಪ್ಪ ಟಯರು ಸಿಗುತ್ತದೆ. "ಪಂಕ್ಚರ್ ಆದ್ರ?" ಎಂದು ಕೇಳಿದೆ. ಅಪ್ಪ ಟಯರಿನ ಪಕ್ಕೆಯ ಮೇಲಿನ ಅಂಕಿ ತೋರಿಸಿದ: 4.00-8. ಆಟೋರಿಕ್ಷಾದ ಟಯರಿನ ಅಳತೆಯೂ ಅದೇ! ಅಂದರೆ ಯಾವ ಊರಿನ ಯಾವ ಪಂಕ್ಚರ್ ಅಂಗಡಿಯಲ್ಲೂ ಟ್ಯೂಬು ಸಿಗುತ್ತದೆ. ಗಾಳಿ ಮಾತ್ರ 30 ಪೌಂಡು ದಾಟಿಸಬಾರದು. ಗಾಡಿಗೊಂದು ಟಯರು ಆರಿಸುವಾಗ ಅದನ್ನು ಮುಂದೆ ರಿಪೇರಿ ಮಾಡುವವನು ಯಾರು ಎಂದು ಮೊದಲು ಯೋಚಿಸಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

ಎರಡು ಗಾಲಿಯದನ್ನೂ ಅಂಗಡಿಯವನು ತೋರಿಸಿದ. ವಾಲುವುದಿಲ್ಲ ಎಂದ. ನಿಜ, ಸಿಮೆಂಟಿನ ನೆಲಕ್ಕೆ ಅದು ಒಳ್ಳೆಯದು. ಆದರೆ ಮಡಿಗಳ ನಡುವಿನ ಒಡ್ಡು ಒಂದು ಗೇಣು ಅಗಲ. ಅದರ ಮೇಲೆ ಒಂದೇ ಗಾಲಿ ಹೋದೀತು.

ಕೊನೆಗೆ ಚೌಕಟ್ಟು. ಇಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಎಲ್ಲಾ ಕಡೆ ಬೆಸುಗೆ ಹಾಕಿದ ಗಾಡಿಯೊಂದು 4,000ಕ್ಕಿತ್ತು. ಕಾಲು, ಅಚ್ಚು, ತೊಟ್ಟಿ ಎಲ್ಲಾ ಬೋಲ್ಟಿನಿಂದ ಕೂಡಿಸಿದ್ದು 5,200. ಬೆಸುಗೆಯದೇ ಗಟ್ಟಿ ಎಂದು ನನ್ನ ವಾದ. ಅಪ್ಪ ಜೇಬಿನಿಂದ ಪಾನಾ ತೆಗೆದು ಎರಡನ್ನೂ ಬಡಿದು ಕಿವಿಗೊಟ್ಟು ಕೇಳಿದ. ಹಳಿಯ ಜೋಡಿನಲ್ಲಿ ಫಿಶ್‌ಪ್ಲೇಟಿನ ಬೋಲ್ಟುಗಳನ್ನು ಸುತ್ತಿಗೆಯಿಂದ ಬಡಿಬಡಿದು ನಡೆಯುವ ಕೀಮನ್ ಕೆಲಸವನ್ನೂ ಮಾಡಿದ್ದವನು ಅವನು. ಬಿಗಿಯಾದ ಕಬ್ಬಿಣದ ಸದ್ದು ಬೇರೆ, ಸಡಿಲಾದದ್ದರ ಸದ್ದು ಬೇರೆ.

"ವೆಲ್ಡಿಂಗ್ ಛಲೋ ಇದ್ರ ಛಲೋನೇ ತಮ್ಮಾ. ಆದ್ರ ಒಳಗ ಸೀಳ್ಯದೋ ಇಲ್ಲೋ, ಮ್ಯಾಲ ಬಣ್ಣ ಹಚ್ಚಿದ್ರ ಕಾಣಂಗಿಲ್ಲ. ಒಮ್ಮಿಗೇ ಕೈ ಕೊಡ್ತದ. ಬೋಲ್ಟ್ ಹಂಗಲ್ಲ. ಸಡ್ಲಾದ್ರ ಗಡಗಡ ಅಂತ ಮೊದ್ಲೇ ಹೇಳ್ತದ. ಬಿಗಿ ಮಾಡ್ಬೇಕು, ಮುಂದ ಹೋಗ್ಬೇಕು."

ಬೋಲ್ಟುಗಳೆಲ್ಲಾ ಒಂದೇ ಅಳತೆಯವು, 13ರ ಪಾನಾ ಒಂದಿದ್ದರೆ ಸಾಕು ಎಂಬುದನ್ನೂ ನೋಡಿಕೊಂಡ. ಆಮೇಲೆ ನನ್ನನ್ನು ತೊಟ್ಟಿಯಲ್ಲಿ ಕೂರಿಸಿ ಗಲ್ಲಿಯಲ್ಲಿ ಹತ್ತು ಹೆಜ್ಜೆ ತಳ್ಳಿ ನೋಡಿದ. ಹದಿನಾರು ವರ್ಷದ ಕಾಲೇಜು ವಿದ್ಯಾರ್ಥಿ ಕೈಗಾಡಿಯಲ್ಲಿ ಕೂತು ನಾಗದೇವಿ ಸ್ಟ್ರೀಟಿನಲ್ಲಿ ಮೆರವಣಿಗೆ ಹೊರಟ ದೃಶ್ಯವನ್ನು ಓದುಗರೇ ಊಹಿಸಿಕೊಳ್ಳಲಿ. ಹಮಾಲರು ಸಿಳ್ಳೆ ಹಾಕಿದರು. ಹಿಡಿಯೆತ್ತಿದಾಗ ತನ್ನ ಮೊಣಕೈ ಮಡಚುವುದಿಲ್ಲ, ಬೆನ್ನು ಬಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಚೌಕಾಸಿ ಶುರುವಾಯಿತು. 4,600ಕ್ಕೆ ಮುಗಿಯಿತು. ನನ್ನ ಹತ್ತಿರ ಉಳಿದಿದ್ದ 700ನ್ನು ಮುಂದೆ ಹಿಡಿದೆ. ತೆಗೆದುಕೊಂಡ. ಬೇಡ ಎನ್ನದಿದ್ದದ್ದಕ್ಕೆ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ.

ಅಂಗಡಿಯ ಮುಂದೆಯೇ ಗಾಡಿಯನ್ನು ಬಿಚ್ಚಿ, ಬೋಲ್ಟುಗಳನ್ನು ಕರವಸ್ತ್ರದಲ್ಲಿ ಕಟ್ಟಿ, ಲೋಕಲಿನ ಲಗೇಜು ಡಬ್ಬಿಯಲ್ಲಿ ತಂದೆವು. ಮೀನಿನ ಬುಟ್ಟಿ, ಹೂವಿನ ಮೂಟೆಗಳ ನಡುವೆ ತೊಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದೆವು. ಗಾಡಿ ನಮ್ಮ ತೋಟದ ಹತ್ತಿರ ಬರುವಾಗ ಅಪ್ಪ ಹೊರಗೆ ನೋಡುತ್ತಾ ಕೇಳಿದ:

"ಇಲ್ಲಿಂದ ಎಲ್ಲಾ ಸಾಫ್ ಕಾಣ್ತದಲ್ಲಾ?"

ನಾನು ಮಾತಾಡಲಿಲ್ಲ.

"ನಮಗ ಕೇಸರಿ ಜಾಕೀಟ್ ಯಾಕ ಕೊಟ್ಟಾರ ಗೊತ್ತದೇನು? ದೂರದಿಂದ ಡ್ರೈವರಗ ಕಾಣ್ಲಿ ಅಂತ. ಹಳಿ ಮ್ಯಾಲಿನ ಮನಷಾ ಕಂಡ್ರ ಬದುಕ್ದ, ಕಾಣ್ಲಿಲ್ಲಂದ್ರ ಹೋದ. ಮಂದಿ ನೋಡಿದ್ರ ನನಗೇನೂ ಅನಸಂಗಿಲ್ಲ ತಮ್ಮಾ."

ಅವನಿಗೆ ಎಷ್ಟು ತಿಳಿದಿತ್ತೋ ನಾನು ಇಂದಿಗೂ ಕೇಳಿಲ್ಲ. ಆವತ್ತು ಬೋರಲು ಬಿದ್ದ ತೊಟ್ಟಿಯ ಅಂಚನ್ನು ಹಿಡಿದುಕೊಂಡು ಕೂತಿದ್ದೆ. ಅಂಚು ಚೆನ್ನಾಗಿ ಸುತ್ತಿತ್ತು, ಕೈ ಕೊಯ್ಯಲಿಲ್ಲ.

ಹೊಸ ಗಾಡಿ ಬಂದ ಮೇಲೆ ಒಂದು ಸಲಕ್ಕೆ 35 ಲೀಟರಿನ ಎರಡು ಡಬ್ಬಿ ನೀರು ಬರತೊಡಗಿತು. ಹೊರೆಯನ್ನು ಆದಷ್ಟೂ ಗಾಲಿಯ ಕಡೆಗೆ ಇಡಬೇಕು, ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಬೇಕು, ಇಳಿಜಾರಿನಲ್ಲಿ ತಳ್ಳುವುದರ ಬದಲು ತಾನು ಕೆಳಗಾಗದಂತೆ ಹಿಂದೆ ಹಿಡಿದು ಇಳಿಸಬೇಕು. ಇವೆಲ್ಲಾ ಅಪ್ಪ ತಾನೇ ಕಂಡುಕೊಂಡದ್ದು. ಆದರೆ ತಳ್ಳುವವನು ಅಪ್ಪನೇ. ನಾನು ಕತ್ತಲಾದ ಮೇಲೆ ಮಾತ್ರ, ಓದು ಮುಗಿಸಿ, ಎರಡು ಸಲ ತಳ್ಳಿ ಬರುತ್ತಿದ್ದೆ. ಕತ್ತಲಲ್ಲೇ ಏಕೆಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ 2020ರ ಮಾರ್ಚ್ 22ರ ರಾತ್ರಿ ಲೋಕಲುಗಳು ನಿಂತವು. ಹುಟ್ಟಿದಾಗಿನಿಂದ ನಾನು ಆ ಹಳಿಯ ಮೇಲೆ ಅಂಥ ಮೌನ ಕೇಳಿರಲಿಲ್ಲ. ಗೂಡ್ಸು ಗಾಡಿಗಳು ಮಾತ್ರ ಆಗೊಮ್ಮೆ ಈಗೊಮ್ಮೆ. ಹಳಿ ಕಾಯುವವರಿಗೆ ರಜೆ ಇರಲಿಲ್ಲ. ಅಪ್ಪ ಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದ. ಕಾಲೇಜು ಮುಚ್ಚಿತ್ತು. ನೋಡುವ ಕಣ್ಣೇ ಇಲ್ಲದ ಹಳಿಯ ಪಕ್ಕದಲ್ಲಿ ನಾನು ಮೊದಲ ಸಲ ಹಗಲು ಬೆಳಕಿನಲ್ಲಿ ಒಂಟಿ ಗಾಲಿ ತಳ್ಳಿದೆ. ಬೆಳಿಗ್ಗೆ ಆರು ಸಲ ನೀರು. ಪಲ್ಲೆ ಕಿತ್ತು, ಸಿವುಡು ಕಟ್ಟಿ, ತೊಟ್ಟಿಯಲ್ಲಿ ಹಸಿ ಗೋಣಿ ಹಾಸಿ ಅದರ ಮೇಲೆ ಜೋಡಿಸಿ, ಕ್ವಾರ್ಟರ್ಸಿನ ಬಾಗಿಲು ಬಾಗಿಲಿಗೂ ಹೋದೆ. ಪೇಟೆಗೆ ಹೋಗಲು ಹೆದರುತ್ತಿದ್ದ ಮಂದಿ ಗಾಲಿಯ ಸದ್ದು ಕೇಳಿಯೇ ಬಾಗಿಲು ತೆರೆಯುತ್ತಿದ್ದರು. ಆ ಮೂರು ತಿಂಗಳಲ್ಲಿ ನನ್ನ ಅಂಗೈಯಲ್ಲಿ ಗಂಟು ಬಿದ್ದವು. ಅಪ್ಪ ಒಂದು ರಾತ್ರಿ ನನ್ನ ಕೈ ಹಿಡಿದು, ದೀಪದ ಹತ್ತಿರ ನೋಡಿ, ಸುಮ್ಮನೆ ಬಿಟ್ಟ.

ಜೂನ್ 15ರಂದು ಅಗತ್ಯ ಸೇವೆಯವರಿಗಾಗಿ ಲೋಕಲು ಮತ್ತೆ ಶುರುವಾಯಿತು. ನನಗೆ ನೆನಪಿರಲಿಲ್ಲ. ತುಂಬಿದ ಗಾಡಿಯನ್ನು ಒಡ್ಡಿನ ಮೇಲೆ ತಳ್ಳಿಕೊಂಡು ಬರುತ್ತಿದ್ದೆ, ಹಿಂದಿನಿಂದ ಸದ್ದು ಕೇಳಿತು. ಹಳೆಯ ಅಭ್ಯಾಸ, ಮುಖ ತಿರುಗಿಸಿ ಗಿಡದ ಮರೆಗೆ ಹೋಗಬೇಕೆನಿಸಿತು. ಆದರೆ ಒಂಟಿ ಗಾಲಿಯ ಒಂದು ಗುಣವಿದೆ. ತುಂಬಿದ ಗಾಡಿಯನ್ನು ನಡುದಾರಿಯಲ್ಲಿ ಕೈಬಿಡಲು ಬರುವುದಿಲ್ಲ. ಒಂದು ಕೈ ಬಿಟ್ಟರೂ ಪಕ್ಕಕ್ಕೆ ವಾಲಿ ಎಲ್ಲಾ ಮಣ್ಣುಪಾಲು. ಎರಡೂ ಕೈ ಹಿಡಿಯ ಮೇಲೆ, ಮುಖ ಮುಚ್ಚಿಕೊಳ್ಳಲು ಮೂರನೆಯ ಕೈ ಇಲ್ಲ. ಹಾಗೇ ತಳ್ಳುತ್ತಾ ನಡೆದೆ. ಗಾಡಿ ನಿಧಾನವಾಗಿ ಪಕ್ಕದಲ್ಲಿ ಹಾಯಿತು. ದೂರದೂರ ಕೂತಿದ್ದ ಜನ. ನರ್ಸುಗಳಿರಬೇಕು, ಮುನಿಸಿಪಾಲಿಟಿಯವರಿರಬೇಕು. ಕಿಟಕಿಯೊಂದರಿಂದ ಮುಖಕ್ಕೆ ಬಟ್ಟೆ ಕಟ್ಟಿದ್ದ ಹೆಂಗಸೊಬ್ಬಳು ನನ್ನ ಕಡೆ ಕೈ ಬೀಸಿದಳು. ಎಷ್ಟೋ ದಿನಗಳ ಮೇಲೆ ಹಸಿರು ಕಂಡಿದ್ದಕ್ಕೋ ಏನೋ. ನಾನು ತಿರುಗಿ ಕೈ ಬೀಸಲಾಗಲಿಲ್ಲ, ಕೈ ಖಾಲಿ ಇರಲಿಲ್ಲ. ತಲೆಯಲ್ಲಾಡಿಸಿದೆ.

ಕಾಲೇಜು ತೆರೆದು, ಬಾಗಿಲಲ್ಲಿ ನಿಲ್ಲುವ ಗೆಳೆಯರು ಮತ್ತೆ ಕೂಡಿದಾಗ ತೋಟ ಬಂದಾಗಲೆಲ್ಲಾ ನಾನೇ ಕೈ ತೋರಿಸಿ ಹೇಳುತ್ತಿದ್ದೆ, "ಅದು ನಮ್ಮದು. ಆ ಕೇಸರಿ ಜಾಕೀಟಿನವರು ನಮ್ಮಪ್ಪ." ಅಂದು ನಕ್ಕವನು ಆ ಮಾತಿಗೆ ಏನೂ ಹೇಳಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅದು ಯಾರೆಂದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

2023ರಲ್ಲಿ ಅಪ್ಪ ನಿವೃತ್ತನಾದ. ಕ್ವಾರ್ಟರ್ಸು ಬಿಟ್ಟೆವು, ನೆಲವನ್ನೂ ಒಪ್ಪಿಸಿದೆವು. ಅದು ನೌಕರಿ ಇರುವ ತನಕದ್ದು. ಅವ್ವ ಕೊನೆಯ ಪುಂಡಿ ಕಿತ್ತಳು. ಒಂಟಿ ಗಾಲಿಯನ್ನು ಯಾರಿಗಾದರೂ ಕೊಟ್ಟು ಹೋಗು ಎಂದು ಎಲ್ಲರೂ ಹೇಳಿದರು. ಅಪ್ಪ 13ರ ಪಾನಾ ತೆಗೆದು ಅರ್ಧ ಗಂಟೆಯಲ್ಲಿ ಇಡೀ ಗಾಡಿಯನ್ನು ಬಿಚ್ಚಿದ. ತೊಟ್ಟಿಯಲ್ಲಿ ಕಾಲು, ಹಿಡಿ, ಗಾಲಿ ಎಲ್ಲಾ ಜೋಡಿಸಿ, ಬೋಲ್ಟುಗಳನ್ನು ಚಹಾಪುಡಿ ಡಬ್ಬಿಯಲ್ಲಿ ಹಾಕಿ, ಗೋಣಿಯಲ್ಲಿ ಹೊಲಿದು, ತಾನು ಬಂದ ಹಳಿಯ ಮೇಲೆಯೇ ಊರಿಗೆ ಕಳಿಸಿದ. ಬೆಸುಗೆಯದಾಗಿದ್ದರೆ ಅಲ್ಲೇ ಬಿಟ್ಟು ಬರಬೇಕಾಗುತ್ತಿತ್ತು. 4,600 ರೂಪಾಯಿಯನ್ನು ಆ ಮೂರೂವರೆ ವರ್ಷಕ್ಕೆ ಹಂಚಿದರೂ ದಿನಕ್ಕೆ ನಾಲ್ಕು ರೂಪಾಯಿ ಬೀಳುವುದಿಲ್ಲ. ಗಾಡಿ ಈಗಲೂ ಓಡುತ್ತಿದೆ, ಆದ್ದರಿಂದ ಲೆಕ್ಕ ಇನ್ನೂ ಇಳಿಯುತ್ತಿದೆ.

ನಮ್ಮಲ್ಲಿ ಹಳ್ಳಿಯಿಂದ ಬಂದವರು, ಊರಲ್ಲಿ ತುಂಡು ಹೊಲ ಇರುವವರು ಎಷ್ಟೋ ಮಂದಿ ಇದ್ದೀರಿ. ಮನೆಯವರಿಗಾಗಿ ಒಂಟಿ ಗಾಲಿ ಕೊಳ್ಳುವುದಾದರೆ ಬಣ್ಣ ನೋಡಬೇಡಿ, ಹೊಟ್ಟೆ ನೋಡಿ. ಗೇಜು ಕೇಳಿ. ಟಯರಿನ ಅಂಕಿ ಓದಿ. ಬಡಿದು ಸದ್ದು ಕೇಳಿ. ಮತ್ತೆ, ಕೊಳ್ಳಲು ಒಬ್ಬರೇ ಹೋಗಬೇಡಿ. ಅದನ್ನು ತಳ್ಳಬೇಕಾದವರನ್ನು ಜತೆಗೆ ಕರೆದುಕೊಂಡು ಹೋಗಿ. ನನಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ ಎಂಬುದನ್ನು ಕಲಿಯಲು ನನಗೆ 2,300 ರೂಪಾಯಿ ಖರ್ಚಾಯಿತು.

ನಾನೀಗ ಎಂ.ಎ. ಓದುತ್ತಾ ಹಾಸ್ಟೆಲಿನಲ್ಲಿದ್ದೇನೆ. ಹೋದ ವಾರ ಅಪ್ಪ ಫೋನು ಮಾಡಿದ್ದ. ಮಳೆ, ತೊಗರಿ, ಅವ್ವನ ಮಂಡಿನೋವು ಎಲ್ಲಾ ಹೇಳಿದ ಮೇಲೆ ಫೋನು ಇಡುವಾಗ ಹೇಳಿದ: "ಟ್ಯೂಬ್ ಹೋಗಿತ್ತು. ಸ್ಟ್ಯಾಂಡಿನ್ಯಾಗ ಆಟೋದಾಂವನ ಕಡೆ ಸಿಕ್ತು, ಹಾಕೀನಿ. ಗಡಗಡ ಅನ್ಲಿಕತ್ತಿತ್ತು, ಬೋಲ್ಟ್ ಭೀ ಬಿಗಿ ಮಾಡೀನಿ. ರಜಾದಾಗ ಬಂದಾಗ ನೀ ಒಮ್ಮಿ ತಳ್ಳಿ ನೋಡು."